ಡೆಸಿಯಾಟ್‌ನಲ್ಲಿ 39 ಸೆಕೆಂಡು: ಗ್ಯಾಂಕ್ ಆದ ಶಿಪ್ಪಿನ ಜರ್ನಲ್ ಕೂತು ಓದೋಣ

ಕೋಥರೂಡ್ ಧಾರವಾಡಿ

ಬಾಹ್ಯಾಕಾಶದಲ್ಲಿ ಶಿಪ್ ಹಾರಿಸುವ ಎಲೀಟ್ ಡೇಂಜರಸ್ ಎಂಬ ಆನ್‌ಲೈನ್ ಆಟ ಆಡುವವರಿಗಾಗಿ ಈ ಎಳೆ. ಆಡದವರೂ ಓದಬಹುದು, ಲೆಕ್ಕ ಸರಳ ಇದೆ.

ನಮ್ಮ ಪುಣೆ ಗುಂಪಿನ ಹಿಂಜೇವಾಡಿ ಹಕ್ಕಿ ಅವರ ಆಸ್ಪ್ ಎಕ್ಸ್‌ಪ್ಲೋರರ್ ಕಳೆದ ವಾರ ಡೆಸಿಯಾಟ್‌ನಲ್ಲಿ ಪುಡಿಯಾಯಿತು. ಹೊಡೆದದ್ದು ಎನ್‌ಪಿಸಿ (ಕಂಪ್ಯೂಟರ್ ನಡೆಸುವ ಶಿಪ್) ಅಲ್ಲ, ನಮ್ಮ ನಿಮ್ಮಂಥ ಇನ್ನೊಬ್ಬ ಆಟಗಾರ. ಸರಕು ಕೇಳಲಿಲ್ಲ, ಮಾತಾಡಲಿಲ್ಲ, ಹೊಡೆದು ಹೋದ. ಇದಕ್ಕೇ ಗ್ಯಾಂಕ್ ಅನ್ನುವುದು. ಡೆಸಿಯಾಟ್ ಅಂದರೆ ಫೆಲಿಸಿಟಿ ಫಾರ್‌ಸಿಯರ್ ಎಂಬ ಎಂಜಿನಿಯರ್ ಇರುವ ಸಿಸ್ಟಮ್, ಅಂದರೆ ಒಂದು ನಕ್ಷತ್ರ ಮತ್ತು ಅದರ ಗ್ರಹಗಳು. ಎಫ್‌ಎಸ್‌ಡಿಯನ್ನು (ನಕ್ಷತ್ರದಿಂದ ನಕ್ಷತ್ರಕ್ಕೆ ಹಾರಿಸುವ ಯಂತ್ರ) ಇನ್ನಷ್ಟು ದೂರ ಹಾರುವಂತೆ ಮಾಡಿಸಿಕೊಳ್ಳಲು ಹೊಸಬರು ಮೊದಲು ಹೋಗುವುದು ಅಲ್ಲಿಗೇ. ಗ್ಯಾಂಕರ್‌ಗಳಿಗೂ ಅದು ಗೊತ್ತು, ಅದಕ್ಕೇ ಅವರ ಠಿಕಾಣಿಯೂ ಅಲ್ಲೇ.

ವಾಟ್ಸಾಪ್ ಗ್ರೂಪಿನಲ್ಲಿ ಸಂತಾಪ, ಬೈಗುಳ ಎಲ್ಲ ಮುಗಿದ ಮೇಲೆ ನಾನು ಅವರ ಹತ್ತಿರ ಜರ್ನಲ್ ಫೈಲ್ ಕೇಳಿ ತರಿಸಿಕೊಂಡೆ. ಗೊತ್ತಿಲ್ಲದವರಿಗೆ: ನೀವು ಆಡುವಾಗ ಆಟ ತನ್ನ ಪಾಡಿಗೆ ಒಂದು ಟೆಕ್ಸ್ಟ್ ಫೈಲ್ ಬರೆಯುತ್ತಾ ಇರುತ್ತದೆ. ವಿಂಡೋಸ್‌ನ ಸೇವ್ಡ್ ಗೇಮ್ಸ್ ಫೋಲ್ಡರ್, ಅದರೊಳಗೆ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್, ಅದರೊಳಗೆ ಎಲೀಟ್ ಡೇಂಜರಸ್. ಒಂದೊಂದು ಘಟನೆಗೆ ಒಂದೊಂದು ಸಾಲು, ಸೆಕೆಂಡಿನ ಲೆಕ್ಕದಲ್ಲಿ. ಸಮಯ ಯುಟಿಸಿಯಲ್ಲಿರುತ್ತದೆ, ನಮ್ಮದಕ್ಕೆ ಐದೂವರೆ ತಾಸು ಕೂಡಿಸಿಕೊಳ್ಳಿ. ಅವರ ಒಪ್ಪಿಗೆ ಪಡೆದು, ಬೇಕಾದ ಸಾಲುಗಳನ್ನಷ್ಟೇ ಕನ್ನಡದಲ್ಲಿ ಹಾಕುತ್ತಿದ್ದೇನೆ. ಎದುರಾಳಿಯ ಹೆಸರು ತೆಗೆದಿದ್ದೇನೆ, ಅದು ಇಲ್ಲಿ ಬೇಕಾಗಿಲ್ಲ.

16:38:20 – ಎಫ್‌ಎಸ್‌ಡಿ ಜಂಪ್: ಡೆಸಿಯಾಟ್
16:40:52 – ಮ್ಯೂಸಿಕ್: ಇಂಟರ್‌ಡಿಕ್ಷನ್
16:41:08 – ಇಂಟರ್‌ಡಿಕ್ಟೆಡ್. ಸಬ್ಮಿಟೆಡ್: ಫಾಲ್ಸ್. ಈಸ್ ಪ್ಲೇಯರ್: ಟ್ರೂ
16:41:19 – ಷೀಲ್ಡ್ ಸ್ಟೇಟ್: ಫಾಲ್ಸ್ (ಶಿಪ್ ಸುತ್ತಲಿನ ರಕ್ಷಣೆ ಬಿತ್ತು)
ನಡುವೆ ಹಲ್ ಡ್ಯಾಮೇಜ್ (ಶಿಪ್ಪಿನ ಮೈಗೆ ಪೆಟ್ಟು) ಸಾಲುಗಳು
16:41:31 – ಡೈಡ್. ಕಿಲ್ಲರ್ ಶಿಪ್: ಫರ್-ಡಿ-ಲಾನ್ಸ್

ಹಿನ್ನೆಲೆ ಸಂಗೀತ ಬದಲಾದದ್ದನ್ನೂ ಈ ಜರ್ನಲ್ ಬರೆದಿಡುತ್ತದೆ, ನೋಡಿ. ಹಾಗಾಗಿ ಎಳೆದಾಟ (ಇಂಟರ್‌ಡಿಕ್ಷನ್, ಹಾರುತ್ತಿರುವ ಶಿಪ್ಪನ್ನು ಹಿಂದಿನಿಂದ ಎಳೆದು ನಿಲ್ಲಿಸುವುದು) ಶುರುವಾದ ಕ್ಷಣ ನಮಗೆ ಸಿಕ್ಕಿತು. ಅಲ್ಲಿಂದ ಸಾವಿನವರೆಗೆ 39 ಸೆಕೆಂಡು. ಕೊಂದವನು ಒಬ್ಬನೇ, ವಿಂಗ್ (ಆಟಗಾರರ ಗುಂಪು) ಸೇರಿ ಕೊಂದಿದ್ದರೆ ಆ ಕೊನೆಯ ಸಾಲಿನಲ್ಲಿ ಕೊಂದವರ ಪಟ್ಟಿಯೇ ಬರುತ್ತಿತ್ತು.

ನನ್ನ ಪ್ರಶ್ನೆ ಇಷ್ಟೇ. ಈ 39 ಸೆಕೆಂಡಿನಲ್ಲಿ ಬದುಕಲು ಜಾಗ ಎಲ್ಲಿತ್ತು? ಗ್ಯಾಂಕರ್ ಒಳ್ಳೆಯವನೋ ಕೆಟ್ಟವನೋ ಅನ್ನುವ ಚರ್ಚೆ ಬೇರೆ ಎಳೆಯಲ್ಲಿ ಮಾಡೋಣ.

ಡೊಂಬಿವಲಿ ಈಸ್ಟ್

ಜಾಗ ಇದ್ದದ್ದು ಮೇನ್ ಮೆನುವಿನಲ್ಲಿ ಭಾವು. ಓಪನ್ ಅಂತ ಒತ್ತೋ ಬದಲು ಸೋಲೋ ಅಂತ ಒತ್ತಬೇಕಿತ್ತು. ಗ್ಯಾಲಕ್ಸಿ ಅದೇ, ಫಾರ್‌ಸಿಯರ್ ಅವಳೇ, ಬೇರೆ ಆಟಗಾರರು ಮಾತ್ರ ಇರಲ್ಲ. ಕೆಲಸ ಮುಗಿಸಿ ಮತ್ತೆ ಓಪನ್‌ಗೆ ಬಾ. ದುಡ್ಡು ಕೊಡಬೇಕಾ? ಇಲ್ಲ. ಚರ್ಚೆ ಖತಂ.

ಕೋಥರೂಡ್ ಧಾರವಾಡಿ

ಸೋಲೋ ಸರಿಯಾದ ಉತ್ತರ, ಒಪ್ಪಿದೆ. ಎಂಜಿನಿಯರ್ ಕೆಲಸಕ್ಕೆ ನಾನೂ ಎಷ್ಟೋ ಸಲ ಸೋಲೋದಲ್ಲೇ ಹೋಗಿ ಬರುತ್ತೇನೆ. ಆದರೆ ನಾವು ಓಪನ್‌ನಲ್ಲಿ ಆಡುವುದು ಒಬ್ಬರಿಗೊಬ್ಬರು ಸಿಗಲೆಂದೇ ಅಲ್ಲವೇ. ಇವತ್ತಲ್ಲ ನಾಳೆ ಯಾವನೋ ಹಿಂದೆ ಬೀಳುತ್ತಾನೆ. ಆಗ ಏನು ಅನ್ನುವುದು ಪ್ರಶ್ನೆ.

ಮಾಟುಂಗಾ ಮಾಣಿ

ಮೊದಲ ಉತ್ತರ ಲಾಗಿನಲ್ಲೇ ಉಂಟಲ್ಲ ಮಾರಾಯ್ರೆ. ಸಬ್ಮಿಟೆಡ್: ಫಾಲ್ಸ್.

ಹೊಸಬರಿಗೆ ಬಿಡಿಸಿ ಹೇಳ್ತೇನೆ. ಸೂಪರ್‌ಕ್ರೂಸ್‌ನಲ್ಲಿ, ಅಂದರೆ ಸಿಸ್ಟಮ್ ಒಳಗೇ ಅತಿ ವೇಗದಲ್ಲಿ, ಹೋಗುವಾಗ ಹಿಂದಿನವ ಇಂಟರ್‌ಡಿಕ್ಟರ್ ಹಾಕಿ ಎಳೆದರೆ ನಿಮ್ಮೆದುರು ಒಂದು ನೀಲಿ ಗುರುತು ಓಡಾಡ್ತದೆ. ಅದರ ಕಡೆಗೆ ಮೂತಿ ಹಿಡಿದಿದ್ದರೆ ತಪ್ಪಿಸಿಕೊಳ್ಳಬಹುದು. ಎನ್‌ಪಿಸಿ ಆದರೆ ಸಾಮಾನ್ಯ ಗೆಲ್ತೀರಿ. ಎದುರಿಗೆ ಪಳಗಿದ ಆಟಗಾರ ಇದ್ದರೆ, ನಿಮ್ಮದು ತಿರುಗಲಿಕ್ಕೆ ಸೋಮಾರಿ ಶಿಪ್ ಆಗಿದ್ದರೆ, ಹೆಚ್ಚಾಗಿ ಸೋಲ್ತೀರಿ. ಸೋತರೆ ಶಿಪ್ ಗಿರಗಿರ ತಿರುಗುತ್ತಾ ಹೊರಗೆ ಬೀಳ್ತದೆ, ಪೆಟ್ಟೂ ಬೀಳ್ತದೆ, ಎಲ್ಲಕ್ಕಿಂತ ಕೆಟ್ಟದು ಎಂದರೆ ಎಫ್‌ಎಸ್‌ಡಿ ತಣಿಯಲಿಕ್ಕೆ ಬಹಳ ಹೊತ್ತು ಹಿಡೀತದೆ. ಅದರ ಬದಲು ಎಳೆತ ಶುರುವಾದ ಕೂಡಲೇ ಥ್ರಾಟಲ್ ಸೊನ್ನೆಗೆ ಇಳಿಸಿ ಶರಣಾದರೆ ನೆಟ್ಟಗೆ ಹೊರಗೆ ಬರ್ತೀರಿ, ಸುಮಾರು ಹತ್ತು ಸೆಕೆಂಡಿನಲ್ಲಿ ಎಫ್‌ಎಸ್‌ಡಿ ಮತ್ತೆ ತಯಾರು.

ಹಕ್ಕಿಯವರು 16 ಸೆಕೆಂಡು ಎಳೆದಾಡಿ ಸೋತಿದ್ದಾರೆ. ಆಮೇಲೆ 23 ಸೆಕೆಂಡು ಎಫ್‌ಎಸ್‌ಡಿ ಹೆಚ್ಚುಕಮ್ಮಿ ಸತ್ತೇ ಇತ್ತು. ಸ್ಟಾರ್ಟ್ ಜಂಪ್ ಅನ್ನುವ ಸಾಲೇ ಲಾಗಿನಲ್ಲಿ ಇಲ್ಲ, ನೋಡಿ.

ಇದೆಲ್ಲ ಹೊಸ ಕತೆ ಅಲ್ಲ. 1984ರಲ್ಲಿ ಬೆಲ್ ಮತ್ತು ಬ್ರೇಬನ್ ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ ಮಾಡಿದ ಮೊದಲ ಎಲೀಟ್‌ನಲ್ಲೂ ಸ್ಟೇಷನ್ ಮುಟ್ಟುವ ಮೊದಲು ದರೋಡೆಕೋರರು ಹಿಡೀತಿದ್ದರು. ನಮ್ಮ ದೇಶದ ಶಾಲೆಗಳಿಗೆ ಕ್ಲಾಸ್ ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ಬಂದದ್ದು ಅದೇ ಬಿಬಿಸಿ ಮೈಕ್ರೋ. ಮೇಷ್ಟ್ರು ಆಚೆ ಹೋದಾಗ ನಾವು ಅದರಲ್ಲಿ ಏನೇನು ಆಡಿದ್ದೇವೆ ಅನ್ನೋದು ಇಲ್ಲಿ ಬೇಡ.

ವಾಸ್ಕೋ ವಾಯುವೇಗ

ಮಾಣಿಯವರ, ನೀವು ಹೇಳಿದ್ದು ಖರೇ ಐತಿ, ಆದ್ರ ಅರ್ಧಾ ಐತಿ. ಸಬ್ಮಿಟ್ ಮಾಡಿದ್ರೂ ಈ ಶಿಪ್ ಉಳೀತಿದ್ದಿಲ್ಲ.

ಲೆಕ್ಕಾ ಹಾಕ್ರಿ. 16:40:54ಕ್ಕ ಸಬ್ಮಿಟ್ ಆಗಿ ಹೊರಗ ಬಂದ್ರು ಅನ್ಕೊಳ್ರಿ. ಹತ್ತು ಸೆಕೆಂಡ್ ಕೂಲ್‌ಡೌನ್, 41:04. ಬ್ಯಾರೆ ಸಿಸ್ಟಮ್‌ಗೆ ಜಂಪ್ ಚಾರ್ಜ್ ಆಗಾಕ ಹದಿನೈದು ಸೆಕೆಂಡ್ ಆಸುಪಾಸು, 41:19. ಆಮ್ಯಾಲೆ ಕೌಂಟ್‌ಡೌನ್ ಐದು, 41:24. ಈಗ ಅಂವಾ ಹೊಡಿಯೋ ಲೆಕ್ಕಾ: ಷೀಲ್ಡ್ ಇಳಿಸಾಕ 11, ಹಲ್ ಒಡಿಯಾಕ 12, ಒಟ್ಟು 23 ಸೆಕೆಂಡ್. 40:54ಕ್ಕ 23 ಕೂಡಸ್ರಿ, 41:17. ಜಂಪ್ ಆಗೋದಕ್ಕ ಏಳು ಸೆಕೆಂಡ್ ಮೊದಲ ಶಿಪ್ ಇಲ್ಲ.

ಏಳು ಸೆಕೆಂಡ್ ಎಲ್ಲಿಂದ ತರ್ತೀರಿ, ಅದನ್ನ ಹೇಳ್ರಿ.

ನಾನು ಒಂದು ಕಾಲಕ್ಕ ಇದ ಕೆಲಸಾ ಮಾಡ್ತಿದ್ದೆ, ಮುಚ್ಚಿಡೂದೇನಿಲ್ಲ. ಡೆಸಿಯಾಟ್‌ನಾಗೂ ಕುಂತೀನಿ. ಫರ್-ಡಿ-ಲಾನ್ಸ್ ಅಂದ್ರ ಒಂದು ಹ್ಯೂಜ್, ನಾಕು ಮೀಡಿಯಮ್ ಹಾರ್ಡ್‌ಪಾಯಿಂಟ್ (ಆಯುಧ ಕೂಡಿಸೋ ಜಾಗ). ಎಂಜಿನಿಯರಿಂಗ್ ಆಗಿರೋ ಶಿಪ್ಪಿಗೆ ಆಸ್ಪ್ ಅಂದ್ರ ಏನೂ ಅಲ್ಲ. 23 ಸೆಕೆಂಡ್ ತಗೊಂಡಾನ ಅಂದ್ರ ಆ ಮನಷ್ಯಾ ಅವಸರಾ ಮಾಡಿಲ್ಲ.

ಖರಾಡಿ ಖಗೋಳ

ಓದಿ ಬೇಸರವಾಯಿತು. ಒಬ್ಬರು ದಿನದ ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಆಟಕ್ಕೆ ಕೂತಿದ್ದಾರೆ. ಕೃತ್ತಿಕಾ ಪುಂಜದ ಮಾಯಾ ನಕ್ಷತ್ರದವರೆಗೆ ಹೋಗಿ ಮೆಟಾ ಅಲಾಯ್ ಎಂಬ ಸರಕು ತಂದಿದ್ದಾರೆ, ಅದಿಲ್ಲದೆ ಫಾರ್‌ಸಿಯರ್ ಕೆಲಸ ಮಾಡಿಕೊಡುವುದಿಲ್ಲ. ಅದೂ ಹೋಯಿತು, ಶಿಪ್ಪೂ ಹೋಯಿತು. ಕೊಂದವನಿಗೆ ಸಿಕ್ಕಿದ್ದು ಏನು? ಕ್ರೆಡಿಟ್ ಇಲ್ಲ, ಸರಕಿಲ್ಲ. ನೀವು ನೋಡಿದರೆ ಸತ್ತವರ ಕೈಯಲ್ಲೇ ಸ್ಟಾಪ್‌ವಾಚ್ ಕೊಡುತ್ತಿದ್ದೀರಿ. ಕಲಿಯಬೇಕಾದವರು ಯಾವಾಗಲೂ ಪೆಟ್ಟು ತಿಂದವರೇ ಏಕೆ?

ನಾನು ಶೋಧಯಾತ್ರೆಯವನು. 2019ರ ಡಿಸ್ಟಂಟ್ ವರ್ಲ್ಡ್ಸ್ 2 ಎಂಬ ಸಾಮೂಹಿಕ ಯಾನದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಜನ ಬೀಗಲ್ ಪಾಯಿಂಟ್ ಕಡೆಗೆ ಹೊರಟರಲ್ಲ, ಸೂರ್ಯನಿಂದ ಸುಮಾರು 65,000 ಬೆಳಕಿನ ವರ್ಷ. ಅಂಥ ಪ್ರಯಾಣದಲ್ಲಿ ಕೂಡಿಟ್ಟ ದತ್ತಾಂಶವೆಲ್ಲ ಮಾರುವ ಮೊದಲು ಸತ್ತರೆ ಅಳಿಸಿಹೋಗುತ್ತದೆ. ಶಿಪ್ಪಿನ ಬೆಲೆಯ ಶೇ. 5 ಕಟ್ಟಿದರೆ ಶಿಪ್ ವಾಪಸ್ ಬರುತ್ತದೆ (ಅದೇ ರಿಬೈ), ತಿಂಗಳುಗಟ್ಟಲೆ ಮಾಡಿದ ಮ್ಯಾಪಿಂಗ್‌ಗೆ ರಿಬೈ ಇಲ್ಲ.

ವಾಸ್ಕೋ ವಾಯುವೇಗ

ಖಗೋಳ ಸರ್, ಸಿಟ್ಟು ಬರೂದು ಸಹಜ ಐತಿ. ನಾ ಸಮರ್ಥನೆ ಮಾಡಾಕ ಬಂದಿಲ್ಲ. ನೀವು ಕೇಳಿದ್ರಿ ಏನ್ ಸಿಕ್ತು ಅಂತ. ಏನೂ ಸಿಗೂದಿಲ್ಲ. ಅದಕ್ಕ ಬ್ಯಾಸರಾಗಿ ಬಿಟ್ಟೆ. ಹೊಡಿಯೂದು, ಅಂವಾ ಸಾಯೂದು, ಮತ್ತ ಕಾಯೂದು. ತಿರುಗಿ ನೋಡವ್ರು ಯಾರೂ ಇಲ್ಲ.

ಆದ್ರ ಯಾರನ್ನ ಹಿಡೀತಿದ್ದೆ, ಯಾರನ್ನ ಬಿಡ್ತಿದ್ದೆ ಅಂತ ಹೇಳ್ತೀನಿ, ಅದು ನಿಮಗ ಉಪಯೋಗ ಆಗಬಹುದು.

ಪುಣೆದಾಗ ಟ್ರಾಫಿಕ್ ಪೊಲೀಸ್ ಸಿಗ್ನಲ್ ಮುಂದ ನಿಂದ್ರೂದಿಲ್ಲ, ಸಿಗ್ನಲ್ ದಾಟಿ ಮುಂದಿನ ತಿರುವಿನ್ಯಾಗ ಗಿಡದ ಹಿಂದ ನಿಂದ್ರತಾನ ಹೌದಲ್ಲೋ? ನಾವೂ ಹಂಗ. ಸ್ಟಾರ್ ಮುಂದ ಎಲ್ಲಾರೂ ಬಂದು ಬೀಳ್ತಾರ, ಅಲ್ಲಿಂದ ಎಂಜಿನಿಯರ್ ಬೇಸ್‌ಗೆ ಒಂದ ನೆಟ್ಟನ ಗೆರಿ. ಆ ಗೆರಿ ಹಿಂದ ಕುಂತ್ರ ಸಾಕು. ರಾಡಾರ್‌ನಾಗ ಎನ್‌ಪಿಸಿ ಗುರುತು ತುಂಬಿರ್ತಾವ, ಮನಷ್ಯಾರ ಗುರುತು ಟೊಳ್ಳ ಇರ್ತಾವ. ಟೊಳ್ಳ ಗುರುತು ಬಂತು ಅಂದ್ರ ಶಿಪ್ ಯಾವುದು ನೋಡ್ತೀನಿ. ಆಸ್ಪ್, ಟೈಪ್-6, ಟೈಪ್-9 ಇದ್ರ ಮುಂದಿನ ಪ್ರಶ್ನಿ: ಇಂವಾ ನನ್ನ ನೋಡ್ಯಾನೋ ಇಲ್ಲೋ? ನೆಟ್ಟಗ ಹೊಂಟಾನ, ವೇಗ ಬದಲಿಲ್ಲ, ಮೂತಿ ಅಲ್ಲಾಡಿಲ್ಲ ಅಂದ್ರ ನೋಡಿಲ್ಲ. ಅಂಥಾವ್ನ ಹಿಂದ ಹೋಗೂದು. ಯಾವನರ ಗೆರಿ ಬಿಟ್ಟು ಮ್ಯಾಲೆ ಎದ್ದು ಕಮಾನು ಹೊಡದು ಹೊಂಟಾ ಅಂದ್ರ, ಅಥವಾ ನಾ ಹಿಂದ ಬಂದ ಕೂಡಲೆ ತಿರುಗಿದಾ ಅಂದ್ರ, ಹತ್ತರಾಗ ಒಂಬತ್ತು ಸಲ ಬಿಟ್ಟಬಿಡ್ತಿದ್ದೆ. ಇನ್ನೊಬ್ಬಾಂವ ಬರ್ತಾನ, ಅವಸರಾ ಏನದ?

ಅಂದ್ರ ನಿಮ್ಮ ಲಾಗಿನ್ಯಾಗ ನಾ ನೋಡೂದು 16:40:52 ಅಲ್ಲ. 16:38:20. ಅಲ್ಲಿಂದ ಎರಡೂವರಿ ನಿಮಿಷ. ಆ ಎರಡೂವರಿ ನಿಮಿಷದಾಗ ಕಾಂಟ್ಯಾಕ್ಟ್ಸ್ ಪ್ಯಾನಲ್ ಒಂದ ಸಲನರ ತಗದು ನೋಡಿದ್ರೇನ್ರಿ ಅಕ್ಕಾರ?

ಹಿಂಜೇವಾಡಿ ಹಕ್ಕಿ

ನೋಡಿರಲಿಲ್ಲ. ಸೂಪರ್‌ಕ್ರೂಸ್ ಅಸಿಸ್ಟ್ (ಶಿಪ್ ತಾನೇ ಹಾರೋ ಸೌಲಭ್ಯ) ಹಾಕಿ ಚಹಾ ತರೋಕೆ ಹೋಗಿದ್ದೆ. :)

ಖಗೋಳ ಅವರೇ, ನನ್ನ ಪರವಾಗಿ ಮಾತಾಡಿದ್ದಕ್ಕೆ ಥ್ಯಾಂಕ್ಸ್. ಆದರೆ ಸ್ಟಾಪ್‌ವಾಚ್ ನಂಗೆ ಬೇಜಾರಿಲ್ಲ. ಮೊದಲ ದಿನ ಅನ್ನಿಸಿದ್ದು, ಯಾರೋ ಬೇಕಂತಲೇ ನನ್ನನ್ನೇ ಹುಡುಕಿ ಬಂದ ಹಾಗೆ. ಈ ಲಾಗ್ ನೋಡಿದ ಮೇಲೆ ಹಾಗೇನಿಲ್ಲ ಅಂತ ಗೊತ್ತಾಯ್ತು. ಅವನಿಗೆ ನಾನು ಯಾರಾದರೂ ಒಂದೇ. ಅದೇನೋ ಸಮಾಧಾನ.

ರಿಬೈ ಏನು ಮಹಾ ಅಲ್ಲ. ಆಸ್ಪ್ ಎಕ್ಸ್‌ಪ್ಲೋರರ್ ಬರೀ ಶಿಪ್ಪಿನ ಬೆಲೆ ಸುಮಾರು 66 ಲಕ್ಷ ಕ್ರೆಡಿಟ್, ಮಾಡ್ಯೂಲ್ ಸೇರಿಸಿ ಶೇ. 5. ಟೈಪ್-9 ಇಟ್ಟವರ ಕಷ್ಟ ಬೇರೆ, ಅದು ಬರೀ ಶಿಪ್ಪೇ 7.6 ಕೋಟಿ. ಮೆಟಾ ಅಲಾಯ್ ಹೋಗಿದ್ದೇ ಹೊಟ್ಟೆ ಉರೀತು.

ಒಂದು ಪ್ರಶ್ನೆ. ಆ ಏಳು ಸೆಕೆಂಡ್. ಷೀಲ್ಡ್ ಬೂಸ್ಟರ್ ಹಾಕಿಸಿದ್ರೆ ಸಿಗುತ್ತಾ? ನನ್ನ ಶಿಪ್ಪಲ್ಲಿ ಒಂದೂ ಇರಲಿಲ್ಲ, ದೂರ ಹಾರಲಿ ಅಂತ ತೂಕ ಎಲ್ಲ ಕಡಿಮೆ ಮಾಡಿದ್ದೆ.

ಕೋಥರೂಡ್ ಧಾರವಾಡಿ

ಬೂಸ್ಟರ್ ಹಾಕಿಸಿ, ಒಳ್ಳೆಯದೇ. ಆದರೆ ಅದಕ್ಕೂ ಮೊದಲು, ಒಂದು ಕ್ರೆಡಿಟ್ ಖರ್ಚಿಲ್ಲದ ಉಪಾಯ ಇದೆ. ನಿನ್ನೆ ರಾತ್ರಿ ಕೂತು ಲೆಕ್ಕ ಹಾಕಿದೆ, ನನಗೇ ನಂಬಿಕೆ ಬರಲಿಲ್ಲ.

ಹಕ್ಕಿ ಅವರನ್ನು ಕೇಳಿದೆ, ಪಿಪ್ (ಶಿಪ್ಪಿನ ವಿದ್ಯುತ್ ಹಂಚುವ ಅಂಕ) ಎಷ್ಟಿತ್ತು ಅಂತ. 2-2-2. ಅಂದರೆ ಆಟ ಕೊಟ್ಟಂತೆಯೇ: ಸಿಸ್ಟಮ್‌ಗೆ (ಇಲ್ಲಿ ನಕ್ಷತ್ರವಲ್ಲ, ಷೀಲ್ಡ್ ಇತ್ಯಾದಿ) ಎರಡು, ಎಂಜಿನ್‌ಗೆ ಎರಡು, ಆಯುಧಕ್ಕೆ ಎರಡು. ಸಿಸ್ಟಮ್‌ನಲ್ಲಿ ನಾಲ್ಕು ಪಿಪ್ ಇದ್ದರೆ ಷೀಲ್ಡ್ ಮೇಲೆ ಬೀಳುವ ಪೆಟ್ಟು ಶೇ. 60ರಷ್ಟು ತಗ್ಗುತ್ತದೆ. ಎರಡೇ ಇದ್ದರೆ ತಗ್ಗುವುದು ಶೇ. 33 ಮಾತ್ರ. ಅಂದರೆ ಅವತ್ತು ನೂರಕ್ಕೆ 67ರಷ್ಟು ಪೆಟ್ಟು ತಾಗುತ್ತಿತ್ತು. ನಾಲ್ಕು ಇದ್ದಿದ್ದರೆ 40. ಆ ಷೀಲ್ಡ್ ಉಳಿದದ್ದು 11 ಸೆಕೆಂಡು. 11ನ್ನು 67ರಿಂದ ಗುಣಿಸಿ 40ರಿಂದ ಭಾಗಿಸಿ. 18ಕ್ಕಿಂತ ಸ್ವಲ್ಪ ಹೆಚ್ಚು.

ವಾಯುವೇಗ ಕೇಳಿದ ಏಳು ಸೆಕೆಂಡು ಇಲ್ಲೇ ಬಂತು. ಅದೇ ಶಿಪ್, ಅದೇ ಷೀಲ್ಡ್, ಅದೇ ಎದುರಾಳಿ. ಆಯುಧದ ಎರಡು ಪಿಪ್ ಎತ್ತಿ ಸಿಸ್ಟಮ್‌ಗೆ ಹಾಕಿ 4-2-0 ಮಾಡಿದ್ದರೆ ಸಾಕಿತ್ತು. ಓಡುವವರಿಗೆ ಆಯುಧದ ಪಿಪ್ ಏಕೆ ಬೇಕು?

ವಾಸ್ಕೋ ವಾಯುವೇಗ

ಭಾರೀ ಲೆಕ್ಕಾ ಹಾಕಿದ್ರಿ ಧಾರವಾಡಿ ಅಣ್ಣಾರ. ಕಾಗದದ ಮ್ಯಾಲೆ ಸರಿ ಐತಿ. ಆದ್ರ ಅಂವಾ ಸಾಯಿಸೂ ಸಮಯ, ನೀವು ಹಾರೂ ಸಮಯ ಎರಡೂ ಒಂದ ಆದ್ರ ಅದು ಚಿತ್ ಅಥವಾ ಪಟ್. ಒಂದ ಪ್ಲಾಸ್ಮಾ ಗುಂಡು ಹೆಚ್ಚಗಿ ಬಿದ್ರ ಮುಗೀತು. ಇನ್ನೂ ನಾಕೈದು ಸೆಕೆಂಡ್ ಬೇಕು.

ಅದು ಎಂಜಿನ್‌ನಾಗ ಐತಿ. ಹೊರಗ ಬಿದ್ದ ಕೂಡಲೆ ಎಲ್ಲಾರೂ ಬೆನ್ನ ತೋರ್ಸಿ ಓಡ್ತಾರ. ಹಿಂದಿಂದ ಹೊಡಿಯಾಕ ನಮಗ ಎಷ್ಟ ಚಲೋ ಗೊತ್ತೇನು? ಗುರಿ ಅಲ್ಲಾಡೂದ ಇಲ್ಲ. ಹಂಗ ಮಾಡಬ್ಯಾಡ್ರಿ. ತಿರುಗಿ ನಮ್ಮ ಕಡೆನ ಬಂದು, ಬೂಸ್ಟ್ ಒತ್ತಿ ಬಾಜೂಕ ಹಾದು ಹೋಗ್ರಿ. ಅಂವಾ ಪೂರಾ ತಿರುಗಬೇಕು, ಮತ್ತ ಗುರಿ ಹಿಡೀಬೇಕು. ಆಸ್ಪ್ ಚುರುಕ ಐತಿ, ಇದು ಆಗ್ತದ. ಟೈಪ್-9 ಮಂದಿಗೆ ಇದು ಹೇಳಂಗಿಲ್ಲ, ಬೂಸ್ಟ್ ಕೊಟ್ರೂ ಅದರ ವೇಗ ಸೆಕೆಂಡಿಗೆ 200 ಮೀಟರ್. ಅವರು ಷೀಲ್ಡ್ ಮ್ಯಾಲೇನ ನಂಬಿಗಿ ಇಡಬೇಕು. ಷೀಲ್ಡ್ ತಗದು ಅಲ್ಲಿ ಕಾರ್ಗೋ ರ‍್ಯಾಕ್ ಹಾಕೂ ಮಂದಿ ಅದಾರಲ್ಲ, ಅವರಿಗೆ ದೇವರ ಗತಿ.

ಇನ್ನೊಂದು. ಬರೇ ರೆಸಿಸ್ಟನ್ಸ್ ಮ್ಯಾಲೆ ಕಟ್ಟಿದ ಷೀಲ್ಡ್ ನಂಬಬ್ಯಾಡ್ರಿ. ಪ್ಲಾಸ್ಮಾ ಆಕ್ಸಿಲರೇಟರ್ ಪೆಟ್ಟಿನ್ಯಾಗ ಬಹಳಷ್ಟು ಭಾಗಕ್ಕ ಥರ್ಮಲ್, ಕೈನೆಟಿಕ್ ರೆಸಿಸ್ಟನ್ಸ್ ತಾಗೂದ ಇಲ್ಲ. ಹೆವಿ ಡ್ಯೂಟಿ ಬೂಸ್ಟರ್ ಒಂದೆರಡರ ಇರಲಿ.

ಮಾಟುಂಗಾ ಮಾಣಿ

ಒಂದು ಮಾತು ಬಿಟ್ಟುಹೋಗಿದೆ. ಹಾರುವುದು ಎಲ್ಲಿಗೆ?

ಹೊರಗೆ ಬಿದ್ದ ಮೇಲೆ ಹೊಸಬರು ಏನು ಮಾಡ್ತಾರೆ, ಮತ್ತೆ ಸೂಪರ್‌ಕ್ರೂಸ್‌ಗೇ ಹೋಗಲಿಕ್ಕೆ ನೋಡ್ತಾರೆ, ಎಂಜಿನಿಯರ್ ಬೇಸ್ ಅಲ್ಲೇ ಎದುರಿಗೆ ಉಂಟಲ್ಲ ಅಂತ. ಅದು ಲೋ ವೇಕ್. ಪಕ್ಕದಲ್ಲಿ ನಿಮಗಿಂತ ಭಾರದ ಶಿಪ್ ಇದ್ದರೆ ಮಾಸ್ ಲಾಕ್ ಆಗಿ ಚಾರ್ಜ್ ಕುಂಟುತ್ತದೆ, ಅದಲ್ಲದೆ ಅವ ಬೆನ್ನಿಗೇ ಬಂದು ಮತ್ತೆ ಎಳೀತಾನೆ. ಬೇರೆ ಸಿಸ್ಟಮ್‌ಗೆ ಹಾರುವುದು ಹೈ ವೇಕ್. ಅದಕ್ಕೆ ಮಾಸ್ ಲಾಕ್ ತಾಗುವುದಿಲ್ಲ. ಅವನಿಗೆ ಹಿಂಬಾಲಿಸಲಿಕ್ಕೆ ವೇಕ್ ಸ್ಕ್ಯಾನರ್ ಬೇಕು, ಸ್ಕ್ಯಾನ್ ಮಾಡುವಷ್ಟು ಹೊತ್ತಿಗೆ ನೀವು ಇನ್ನೊಂದು ಜಂಪ್ ಮಾಡಿ ಆಗಿರ್ತದೆ.

ಆದರೆ ಹೈ ವೇಕ್‌ಗೆ ಒಂದು ಸಿಸ್ಟಮ್ ಗುರಿ ಇಟ್ಟಿರಬೇಕು, ಅದರ ಕಡೆಗೆ ಮೂತಿಯೂ ತಿರುಗಿರಬೇಕು. ಗುಂಡು ಬೀಳುವಾಗ ಗ್ಯಾಲಕ್ಸಿ ಮ್ಯಾಪ್ ತೆರೆದು ಹುಡುಕಲಿಕ್ಕೆ ಆಗ್ತದಾ? ಡೆಸಿಯಾಟ್‌ಗೆ ರೂಟ್ ಹಾಕುವಾಗ ಡೆಸಿಯಾಟ್‌ಗೇ ನಿಲ್ಲಿಸಬೇಡಿ, ಅದರಾಚೆಯ ಒಂದು ಸಿಸ್ಟಮ್‌ವರೆಗೆ ಹಾಕಿ. ಆಗ "ರೂಟಿನ ಮುಂದಿನ ಸಿಸ್ಟಮ್" ಅನ್ನುವ ಕೀ ಒಂದು ಒತ್ತಿದರೆ ಗುರಿ ತಯಾರು. ಆ ಕೀ ಬೈಂಡ್ ಮಾಡದೇ ಎಷ್ಟು ಜನ ವರ್ಷಗಟ್ಟಲೆ ಆಡ್ತಾ ಇದ್ದಾರೋ.

ಡೊಂಬಿವಲಿ ಈಸ್ಟ್

ಅರೆ, ಇಷ್ಟೆಲ್ಲ ಯಾಕೆ? ಮೆನುಗೆ ಹೋಗಿ ಎಕ್ಸಿಟ್ ಒತ್ತಿದ್ರೆ ಅಪಾಯದಲ್ಲಿ 15 ಸೆಕೆಂಡ್ ಟೈಮರ್. ಅವನಿಗೆ ಬೇಕು 23. ನಾನು ಗೆದ್ದೆ. ಕೂಲ್‌ಡೌನ್ ಇಲ್ಲ, ಪಿಪ್ ಇಲ್ಲ, ಬೂಸ್ಟ್ ಇಲ್ಲ.

ಕೋಥರೂಡ್ ಧಾರವಾಡಿ

ಹ್ಹ ಹ್ಹ. ಲೆಕ್ಕ ಸರಿ ಇದೆ, ತಪ್ಪು ಹುಡುಕಲು ಆಗುತ್ತಿಲ್ಲ. ಮೆನುವಿನಿಂದ ಹೊರಗೆ ಹೋಗುವುದು ನಿಯಮದೊಳಗೇ ಇದೆ. ಕೇಬಲ್ ಕೀಳುವುದು, ಟಾಸ್ಕ್ ಮ್ಯಾನೇಜರ್‌ನಲ್ಲಿ ಆಟ ಕೊಲ್ಲುವುದು ಮಾತ್ರ ಕಾಂಬ್ಯಾಟ್ ಲಾಗಿಂಗ್, ಅದನ್ನು ಫ್ರಾಂಟಿಯರ್ ಒಪ್ಪುವುದಿಲ್ಲ.

ನನಗೆ ಅದು ರುಚಿಸುವುದಿಲ್ಲ, ಅಷ್ಟೇ. ಮೆನು ಒತ್ತಿದವನ ಕೈಗೆ ಮುಂದಿನ ಸಲವೂ ಮೆನುವೇ ಗತಿ. ಎದುರು ನಾಲ್ವರ ವಿಂಗ್ ಬಂದರೆ 15 ಸೆಕೆಂಡೂ ಸಿಗುವುದಿಲ್ಲ, ಆಗ 4-2-0 ಗೊತ್ತಿಲ್ಲದವನು ಟೈಮರ್ ನೋಡುತ್ತಲೇ ಸಾಯುತ್ತಾನೆ.

ಡೊಂಬಿವಲಿ ಈಸ್ಟ್

ಕೇಬಲ್ ಕೀಳೋದು ಅಂದಿರಲ್ಲ, ಅದೇ ನನ್ನ ನಿಜವಾದ ತಲೆನೋವು. ನಮ್ಮ ಕಡೆ ಮಳೆಗಾಲದಲ್ಲಿ ಲೈಟ್ ಯಾವಾಗ ಹೋಗುತ್ತೆ ದೇವರಿಗೇ ಗೊತ್ತು. ಒಂದು ಸಲ ಫೈಟ್ ಮಧ್ಯೆ ಕರೆಂಟ್ ಹೋಯ್ತು. ವಾಪಸ್ ಬಂದು ನೋಡಿದ್ರೆ ಇನ್‌ಬಾಕ್ಸ್ ತುಂಬ ಬೈಗುಳ, ಲಾಗರ್ ಲಾಗರ್ ಅಂತ. ಅವನಿಗೆ ಜೂಲೈ ತಿಂಗಳ ಡೊಂಬಿವಲಿ ಹೇಗಿರುತ್ತೆ ಅಂತ ಹೇಗೆ ವಿವರಿಸಲಿ?

ಮಾಟುಂಗಾ ಮಾಣಿ

ರೌಟರ್‌ಗೆ ಒಂದು ಸಣ್ಣ ಯುಪಿಎಸ್ ಸಿಗ್ತದೆ, ಪಿಸಿಗೆ ಒಂದು ದೊಡ್ಡದು. ಬೈಗುಳ ಓದಿ ಅಳಿಸಿ ಹಾಕಿ, ಉತ್ತರ ಬೇಡ.

ಆದ ಸಂಗತಿ ಒಂದು ನೆನಪಿಗೆ ಬಂತು. 2017ರ ಏಪ್ರಿಲ್ 29, ಸಲೋಮೆ ಎಂಬ ಪಾತ್ರವನ್ನು ಕಾಪಾಡಿ ಕರಕೊಂಡು ಹೋಗುವ ಘಟನೆ. ಓಪನ್‌ನಲ್ಲಿ ನಡೆದದ್ದು, ಕಾಯಲಿಕ್ಕೆ ಅಷ್ಟೊಂದು ಜನ. ಕೊನೆಗೆ ಕೊಂದವ ಯಾರು? ಕಾವಲು ಪಡೆಯ ಒಳಗೇ ಸೇರಿಕೊಂಡಿದ್ದವ. ನಿಮ್ಮ 39 ಸೆಕೆಂಡಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ ಧಾರವಾಡಿಯವರೇ. ಎಲ್ಲ ಆಕ್ರಮಣವೂ ಹಿಂದಿನಿಂದ ಎಳೆದೇ ಶುರುವಾಗುವುದಿಲ್ಲ, ಕೆಲವು ಜೊತೆಗೇ ಹಾರಿ ಬರ್ತವೆ.

ಕೋಥರೂಡ್ ಧಾರವಾಡಿ

ಸಲೋಮೆ ಕತೆ ದೊಡ್ಡದು, ಅದಕ್ಕೊಂದು ಬೇರೆ ಎಳೆ ಹಾಕಿ ಮಾಣಿಯವರೇ. ನಾನೇ ಮೊದಲು ಓದುತ್ತೇನೆ.

ಖರಾಡಿ ಖಗೋಳ

ಸಿಟ್ಟು ಸ್ವಲ್ಪ ಇಳಿದಿದೆ. ಮತ್ತೆ ಬಂದು ಎಲ್ಲ ಓದಿದೆ.

ಒಪ್ಪದಿರುವುದು ಒಪ್ಪದೇ ಇದೆ: 2018ರ 3.0 ಅಪ್‌ಡೇಟ್‌ನಲ್ಲಿ ನೊಟೊರೈಟಿ (ಕೊಲೆಗಾರನ ಕುಖ್ಯಾತಿಯ ಅಂಕ) ತಂದರು, ಹತ್ತರವರೆಗೆ ಏರುತ್ತದೆ, ಕೊಲೆಗಾರನ ಹಿಂದೆ ಎಟಿಆರ್ ಎಂಬ ಬಲಿಷ್ಠ ಪೊಲೀಸ್ ಪಡೆ ಬರುತ್ತದೆ. ಆದರೂ ಡೆಸಿಯಾಟ್ ಡೆಸಿಯಾಟಾಗಿಯೇ ಉಳಿಯಿತು. ಪೊಲೀಸರು ಬರುವುದು ನೀವು ಸತ್ತ ಮೇಲೆ. ಅಂದಹಾಗೆ ಬಲಗಡೆ ಪ್ಯಾನಲ್‌ನಲ್ಲಿ "ನನ್ನ ಮೇಲಿನ ಅಪರಾಧ ವರದಿ ಮಾಡು" ಎಂಬ ಸ್ವಿಚ್ ಇದೆ. ಅದು ಆಫ್ ಆಗಿದ್ದರೆ ಅವರೂ ಬರುವುದಿಲ್ಲ. ಎಲ್ಲರೂ ಒಮ್ಮೆ ನೋಡಿಕೊಳ್ಳಿ.

ಆದರೆ ವಾಯುವೇಗ ಅವರ ಆ ನೆಟ್ಟನೆಯ ಗೆರೆಯ ಮಾತು ನನ್ನ ತಲೆಯಲ್ಲಿ ಕೂತಿದೆ. ತಿಂಗಳುಗಟ್ಟಲೆ ಕಪ್ಪು ಆಕಾಶದಲ್ಲಿ ಒಬ್ಬನೇ ಹಾರಿ ಬಂದವರಿಗೆ ಜನವಸತಿ ಇರುವ ಸಿಸ್ಟಮ್‌ಗೆ ಕಾಲಿಟ್ಟ ಕೂಡಲೇ ಸುತ್ತ ನೋಡುವ ರೂಢಿಯೇ ತಪ್ಪಿರುತ್ತದೆ. ದತ್ತಾಂಶ ಮಾರುವವರೆಗೆ ಸೋಲೋ ಎಂಬುದು ನನ್ನ ನಿಯಮ. ಮಾರಿದ ಮೇಲೆ ಓಪನ್‌ನಲ್ಲಿ ಗೆರೆ ಬಿಟ್ಟು ಹಾರುವುದನ್ನು ಕಲಿಯಲು ನನ್ನ ಅಭ್ಯಂತರವಿಲ್ಲ.

ಒಂದು ಸಂದೇಹ. 2024ರ ಮೇನಲ್ಲಿ ಪೈಥಾನ್ ಮಾರ್ಕ್ 2 ಶಿಪ್ ಜೊತೆ ಎಸ್‌ಸಿಒ (ಸೂಪರ್‌ಕ್ರೂಸ್ ಓವರ್‌ಚಾರ್ಜ್) ಡ್ರೈವ್ ಬಂತಲ್ಲ, ಅದರ ಓವರ್‌ಚಾರ್ಜ್ ಒತ್ತಿ ಸೂಪರ್‌ಕ್ರೂಸ್‌ನಲ್ಲೇ ಅವನಿಂದ ದೂರ ಓಡಬಹುದಲ್ಲ?

ವಾಸ್ಕೋ ವಾಯುವೇಗ

ಓಡಬಹುದು ಸರ್. ಹಿಂದ ಬಿದ್ದಾಂವ್ಗ ಬಹಳ ತ್ರಾಸ ಆಗ್ತದ. ಇಂಧನ ಕುಡೀತದ, ಶಿಪ್ ಬಿಸಿ ಆಗ್ತದ, ಅದಕ್ಕಂತನ ಮಾಡಿದ ಶಿಪ್ ಅಲ್ಲದಿದ್ರ ಮೂತಿ ಕೈಯಾಗ ನಿಂದ್ರೂದಿಲ್ಲ. ಆದ್ರ ಅದನ್ನ ಒತ್ತಾಕ ಮೊದಲು ಅಂವಾ ಹಿಂದ ಅದಾನ ಅಂತ ಗೊತ್ತಿರಬೇಕಲ್ರಿ. ಮತ್ತ ಅಲ್ಲಿಗೇ ಬಂದ್ವಿ, ಟೊಳ್ಳ ಗುರುತು.

ಮತ್ತ ಎಲ್ಲಾರೂ ಗ್ಯಾಂಕರ್ ಅಲ್ಲ, ಅದೂ ಹೇಳಿ ಬಿಡ್ತೀನಿ. ಖರೇ ಪೈರೇಟ್ ಇದ್ರ ಮೊದಲು ಮ್ಯಾನಿಫೆಸ್ಟ್ (ಸರಕಿನ ಪಟ್ಟಿ) ಸ್ಕ್ಯಾನ್ ಮಾಡ್ತಾನ, ಚಾಟ್‌ನಾಗ ಇಂತಿಷ್ಟು ಟನ್ ಬಿಡು ಅಂತಾನ. ಬಿಟ್ರ ಹೋಗ್ತಾನ. ಅಂಥಾವ್ನ ಮುಂದ 4-2-0 ನಾಟಕ ಬ್ಯಾಡ, ಒಂದೀಟು ಸರಕ ಚೆಲ್ಲಿ ನಮಸ್ಕಾರ ಹೇಳಿ ಹೋಗ್ರಿ. ಚಾಟ್ ನೋಡೂ ರೂಢಿ ಇಟ್ಕೊಳ್ರಿ.

ಹಿಂಜೇವಾಡಿ ಹಕ್ಕಿ

ಓದಿ ಓದಿ ತಲೆಗೆ ಹೋಗಿದೆ, ಕೈಗೆ ಬಂದಿಲ್ಲ. ಸಬ್ಮಿಟ್, ಪಿಪ್, ತಿರುಗಿ ಬೂಸ್ಟ್, ಮುಂದಿನ ಸಿಸ್ಟಮ್, ಜಂಪ್. ಐದು ಕೆಲಸ. ಗುಂಡು ಬೀಳುವಾಗ ನೆನಪಾಗೋದು ಒಂದೋ ಎರಡೋ.

ವಾಯುವೇಗ ಅಣ್ಣಾ, ನೀವೇ ಬಂದು ನನ್ನನ್ನ ಹಿಡೀತೀರಾ? ಹಿಡಿದು, ಷೀಲ್ಡ್ ಇಳಿದ ಕೂಡಲೇ ಗುಂಡು ನಿಲ್ಲಿಸಿ. ಮತ್ತೆ ಶುರು ಮಾಡೋಣ. ಸಾಕಪ್ಪಾ ಅನ್ನೋವರೆಗೂ.

ವಾಸ್ಕೋ ವಾಯುವೇಗ

ನನ್ನ ಬಾಳೇದಾಗ ಮೊದಲ್ನೇ ಸಲ ಯಾರೋ ಕರದು ಹೊಡಿ ಅಂತ ಕೇಳ್ಯಾರ. ಬರ್ತೀನಿ ತಂಗಿ. ಶಿಪ್ ಗ್ಯಾರೇಜ್‌ನಾಗ ಧೂಳ ತಿನ್ನಾಕತ್ತೈತಿ.

ಕೋಥರೂಡ್ ಧಾರವಾಡಿ

ಹಾಗಾದರೆ ಶನಿವಾರ ರಾತ್ರಿ ಹತ್ತು. ಯಾವುದಾದರೂ ಅನಾರ್ಕಿ (ಕಾನೂನಿಲ್ಲದ) ಸಿಸ್ಟಮ್, ಬೌಂಟಿ ಗೊಡವೆ ಬೇಡ. ನನ್ನ ಪ್ರೈವೇಟ್ ಗ್ರೂಪ್‌ಗೆ ಎಲ್ಲರೂ ಸೇರಿಕೊಳ್ಳಿ, ಹೊರಗಿನವರು ಬರುವುದಿಲ್ಲ. ವಿಂಗ್ ಮಾಡಬೇಡಿ.

ಒಂದು ತೊಡಕು ಮೊದಲೇ ಹೇಳುತ್ತೇನೆ. ಈ ಆಟದಲ್ಲಿ ಆಟಗಾರರ ಮಷೀನುಗಳು ನೇರ ಒಂದಕ್ಕೊಂದು ಮಾತಾಡಬೇಕು. ನಮ್ಮ ಕಡೆಯ ಎಷ್ಟೋ ಬ್ರಾಡ್‌ಬ್ಯಾಂಡ್‌ಗಳು ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಐಪಿ ವಿಳಾಸ) ಹಿಂದೆ ಕೂರಿಸುತ್ತವೆ, ಆಗ ಇಬ್ಬರೂ ಒಂದೇ ಸಿಸ್ಟಮ್‌ನಲ್ಲಿದ್ದರೂ ಒಬ್ಬರಿಗೊಬ್ಬರು ಕಾಣುವುದಿಲ್ಲ. ಶುಕ್ರವಾರವೇ ಒಮ್ಮೆ ಪರೀಕ್ಷೆ ಮಾಡಿ. ಪೋರ್ಟ್ ಫಾರ್ವರ್ಡ್ ಮಾಡಲು ಬರದವರು ನನಗೆ ಮೆಸೇಜ್ ಹಾಕಿ.

ಡೊಂಬಿವಲಿ ಈಸ್ಟ್

ನಾನೂ ಬರ್ತೀನಿ. ಟೈಪ್-9 ತರಲಾ?

ವಾಸ್ಕೋ ವಾಯುವೇಗ

ತರ್ರಿ. ಷೀಲ್ಡ್ ಐತ್ಯೋ?

ಡೊಂಬಿವಲಿ ಈಸ್ಟ್

ಶುಕ್ರವಾರದೊಳಗೆ ಹಾಕಿಸ್ತೀನಿ.

ಕೋಥರೂಡ್ ಧಾರವಾಡಿ

ಕಾರ್ಗೋ ಖಾಲಿ ಮಾಡಿಕೊಂಡು ಬನ್ನಿ, ರಿಬೈಗೆ ಆಗುವಷ್ಟು ದುಡ್ಡು ಇಟ್ಟುಕೊಳ್ಳಿ. ಮುಗಿದ ಮೇಲೆ ಎಲ್ಲರ ಜರ್ನಲ್ ಫೈಲ್ ನನಗೆ ಕಳಿಸಿ, ಭಾನುವಾರ ಇದೇ ಎಳೆಯಲ್ಲಿ ಹಾಕುತ್ತೇನೆ.